ಕಾಲು ಮುಂದಾಗಿ ಹುಟ್ಟಿದವನ ಒದೆ

ಕಂಪಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚೆಲುವರಾಜುಗೆ ಶಾಲು ಹೊದಿಸಿದ್ದಕ್ಕೆ ನನ್ನ ತಕರಾರಿಲ್ಲ. ಶಾಲು ಈಗ ಯಾರಿಗೆ ತಪ್ಪಿದೆ? ನಾಲ್ಕು ಜನ ಸೇರಿ ಒಂದು ಸಂಘ ಕಟ್ಟಿದರೆ ಐದನೆಯವನಿಗೆ ಶಾಲು ಖಂಡಿತ. ಫ್ಲೆಕ್ಸಿನಲ್ಲಿ ಅವನ ಮುಖವನ್ನು ಬೆಳ್ಳಗೆ ಮಾಡಿ, ಕೊರಳಿಗೆ ಸೀಟಿ ನೇತುಹಾಕಿ, ‘ಕ್ರೀಡಾಪಟುಗಳ ಆಪದ್ಬಾಂಧವ’ ಎಂದು ಬರೆಸಿದ್ದನ್ನೂ ನುಂಗಿಕೊಂಡೆ. ನುಂಗಲಾಗದ್ದು ಒಂದೇ ಮಾತು. ಮೈಕು ಹಿಡಿದವನು ಅವನ ಜೀವನ ಚರಿತ್ರೆ ಓದುತ್ತಾ, ‘ನಮ್ಮೂರ ಕಬಡ್ಡಿ ಆಟಗಾರ್ತಿ ಗೌತಮಿಯ ತೊಡೆಗೆ ಪೆಟ್ಟಾದಾಗ ಅವಳನ್ನು ಮತ್ತೆ ಎದ್ದು ನಿಲ್ಲುವಂತೆ ಮಾಡಿದವರು ಇವರೇ’ ಎಂದ. ಜನ ಚಪ್ಪಾಳೆ ತಟ್ಟಿದರು.

ಗೌತಮಿ ನನ್ನ ಮಗಳು. ಅವಳ ತೊಡೆಯನ್ನು ಕೆಡಿಸಿದವನು ಅವನೇ.

ಎದ್ದೆ. ಮುಂದಿನ ಸಾಲಿನ ಕುರ್ಚಿಗಳು ಉರುಳಿದವು. ಪಕ್ಕದಲ್ಲಿ ಕೂತಿದ್ದ ಮಹೇಂದ್ರ ನನ್ನ ಅಂಗಿ ಹಿಡಿದು ಎಳೆದ.

“ಬುಡಣ್ಣೋ, ಶಾಲು ತಾನೆ, ಒದ್ಕಳ್ಳಿ. ಚಳಿಗಾಲ ಬತ್ತಾ ಅದೆ.”

“ನನ್ನ ಮಗಳ ಹೆಸರು ಯಾಕ್ಲಾ ತಂದ ಅವನು?”

“ನನ್ನ ಹೆಸರನ್ನೂ ತಂದ. ನಾನು ಕೂತಿಲ್ವ?”

ಅವನು ಕೂರುತ್ತಾನೆ, ಅವನ ಸ್ವಭಾವ ಹಾಗೆ. ನಾನು ಕೂರುವವನಲ್ಲ. ಆದರೆ ಅಷ್ಟು ಹೊತ್ತಿಗೆ ಸಂಘದ ಹುಡುಗರು ನನ್ನನ್ನು ಶಾಮಿಯಾನದ ಆಚೆಗೆ ತಂದು ನಿಲ್ಲಿಸಿ, ಕೈಗೊಂದು ಮೈಸೂರುಪಾಕು ಕೊಟ್ಟಿದ್ದರು. ಅದನ್ನು ಅಲ್ಲೇ ಮಲಗಿದ್ದ ನಾಯಿಗೆ ಹಾಕಿದೆ. ನಾಯಿ ಮೂಸಿ ನೋಡಿ ಬಿಟ್ಟಿತು. ಅಂಥ ಸನ್ಮಾನ.

ನಾನು ಓದಿರುವುದು ಏಳನೇ ಕ್ಲಾಸು. ಹೊಗೆಸೊಪ್ಪು ಬೆಳೆಯುವವನು. ಬರೆಯುವುದು ನನ್ನ ಕಸುಬಲ್ಲ. ಆದರೂ ಚೆಲುವರಾಜುವಿನ ಜೀವನ ಚರಿತ್ರೆ ಬರೆಯುವುದಾದರೆ ಪೂರ್ತಿ ಬರೆಯಬೇಕು. ಶಾಲು ಹೊದಿಸುವವರು ಅರ್ಧ ಬರೆದಿದ್ದಾರೆ. ಉಳಿದರ್ಧ ಇಲ್ಲಿದೆ.

ಚೆಲುವರಾಜು ಹುಟ್ಟುವಾಗ ಕಾಲು ಮುಂದಾಗಿ ಬಂದ. ಅವನ ತಾಯಿ ಪುಟ್ಟತಾಯಮ್ಮ ಒಂದು ಹಗಲು ಒಂದು ರಾತ್ರಿ ನೋವು ತಿಂದಳಂತೆ. ಸೂಲಗಿತ್ತಿ ಕೈಬಿಟ್ಟು ಕೂತಿದ್ದಾಗ ಮೊದಲು ಒಂದು ಪಾದ ಕಂಡಿತು, ಆಮೇಲೆ ಇನ್ನೊಂದು, ಕೊನೆಗೆ ತಲೆ. ತಾಯಿಯೂ ಬದುಕಿದಳು, ಮಗುವೂ ಬದುಕಿತು. ಮೆಚ್ಚಬೇಕಾದರೆ ಪುಟ್ಟತಾಯಮ್ಮನನ್ನು ಮೆಚ್ಚಬೇಕಿತ್ತು. ನಮ್ಮ ಕಡೆಯ ಜನ ಮಗುವಿನ ಪಾದವನ್ನು ಮೆಚ್ಚಿದರು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಇನ್ನೂ ನಡೆಯಲು ಬಾರದ ಚೆಲುವರಾಜುವನ್ನು ಎತ್ತಿಕೊಂಡು ಬಂದು, ಮೂಟೆ ಹೊತ್ತು ಸೊಂಟ ಹಿಡಿದುಕೊಂಡವರ ಬೆನ್ನಿಗೆ ಅವನ ಅಂಗಾಲನ್ನು ತಾಗಿಸುತ್ತಿದ್ದರಂತೆ. ಉಳುಕು ತಾನಾಗಿಯೇ ವಾರದೊಳಗೆ ಬಿಡುತ್ತದೆ. ಹೆಸರು ಪಾದಕ್ಕೆ ಹೋಗುತ್ತದೆ.

ಇದಕ್ಕೊಂದು ಕಟ್ಟುಪಾಡಿದೆ. ಒದೆಗೆ ದುಡ್ಡು ಮುಟ್ಟುವಂತಿಲ್ಲ. ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ. ಎಲೆ ಅಡಿಕೆಯ ಜೊತೆ ಒಂದು ತೆಂಗಿನಕಾಯಿ ಮೊದಲೇ ಇಡಬೇಕು. ಕಾಯಿ ಇಟ್ಟ ಮೇಲೆ ಒದೆಯಲೇಬೇಕು, ಇಟ್ಟ ಕಾಯಿಯನ್ನು ವಾಪಸು ಒಯ್ಯುವಂತಿಲ್ಲ. ಒದೆಸಿಕೊಂಡವರು ಹಿಂದಿರುಗಿ ನೋಡದೆ ಮನೆಗೆ ಹೋಗಬೇಕು. ಹಿಂದಿರುಗಿ ನೋಡದಿರುವುದು ಚೆಲುವರಾಜುಗೆ ಬಹಳ ಅನುಕೂಲವಾಯಿತು. ಯಾರ ನೋವು ಹೋಯಿತು, ಯಾರದು ಹೆಚ್ಚಾಯಿತು ಎಂದು ಯಾರೂ ತಿರುಗಿ ಬಂದು ಹೇಳಲಿಲ್ಲ.

ಹೀಗೆ ಅವನು ಒದೆಯುತ್ತಲೇ ಬೆಳೆದ. ಹೊಲ ಉಳಲಿಲ್ಲ, ನಾಟಿ ಮಾಡಲಿಲ್ಲ. ಹುಟ್ಟಿದ ರೀತಿಯೇ ಉದ್ಯೋಗವಾಯಿತು. ಮನೆಯಲ್ಲಿ ಕಾಯಿಗೆ ಬರವಿರಲಿಲ್ಲ; ಪುಟ್ಟತಾಯಮ್ಮ ಮುದುಕಿಯಾಗುವ ತನಕ ಕೊಬ್ಬರಿ ತುರಿದು ತುರಿದು ಸುಸ್ತಾದಳು.

ನನಗೆ ಗೌತಮಿ ಹುಟ್ಟುವ ಕಾಲಕ್ಕೆ ಅವನ ಹೆಸರು ಹುಣಸೂರು, ಬಿಳಿಕೆರೆ ತನಕ ಹಬ್ಬಿತ್ತು. ನನ್ನ ಮಗಳೂ ಹೊಟ್ಟೆಯಲ್ಲಿ ಕಾಲು ಕೆಳಗೆ ಮಾಡಿಕೊಂಡೇ ಇದ್ದಳು. ಆದರೆ ಆಸ್ಪತ್ರೆಯವರು ಕಾಯಲಿಲ್ಲ, ಆಪರೇಷನ್ ಮಾಡಿ ತೆಗೆದರು. ಹೆಸರಿಡುವ ದಿನ ನನ್ನ ತಾಯಿ ಬಸವಮ್ಮ ಮೊಮ್ಮಗಳನ್ನು ಚೆಲುವರಾಜುವಿನ ಮುಂದೆ ಹಿಡಿದು ಸಡಗರದಿಂದ ಹೇಳಿದಳು.

“ನಿನ್ನಂಗೇ ಕಣಪ್ಪ ಇವಳೂ. ಕಾಲೇ ಮುಂದಿತ್ತಂತೆ. ಡಾಕ್ಟ್ರು ಕುಯ್ದು ತೆಗುದ್ರು.”

ಚೆಲುವರಾಜು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದೂಡಿದ. ಊರಿಗೆ ಎರಡನೆಯ ಪಾದ ಬಂದರೆ ಕಾಯಿ ಎರಡು ಪಾಲಾಗುತ್ತದೆ ಎಂಬುದು ಅವನಿಗೆ ಆ ಕ್ಷಣವೇ ಹೊಳೆದಿರಬೇಕು.

“ಕುಯ್ದು ತೆಗುದ್ರೆ ಲೆಕ್ಕಕ್ಕಿಲ್ಲ ಬಸವಕ್ಕ” ಅಂದ. “ಬಾಗ್ಲಲ್ಲಿ ಬಂದೋರಿಗೆ ಮಾತ್ರ ಗುಣ. ಕಿಟಕೀಲಿ ಬಂದೋರಿಗೆ ಎಲ್ಲಿಂದ ಬತ್ತದೆ?”

ಎಲ್ಲರೂ ನಕ್ಕರು. ನನ್ನ ತಾಯಿಯ ಮುಖ ಸಣ್ಣಗಾಯಿತು. ಈ ಮಾತನ್ನು ಅವಳು ಮೊಮ್ಮಗಳಿಗೆ ಎಷ್ಟು ಸಲ ಹೇಳಿದಳೋ, ಗೌತಮಿಗೆ ಅದು ಬಾಯಿಪಾಠವಾಯಿತು.

ಅವನು ಕೋಚ್ ಆದದ್ದು ಆಮೇಲೆ. ನಮ್ಮ ಹೈಸ್ಕೂಲಿನ ದೈಹಿಕ ಶಿಕ್ಷಕರು ವರ್ಗವಾಗಿ ಹೋದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಖಾಲಿ ಕುರ್ಚಿ ಕಂಡರೆ ಕೂರುವವರು ಇದ್ದೇ ಇರುತ್ತಾರೆ. ಚೆಲುವರಾಜು ಹುಣಸೂರಿಗೆ ಹೋಗಿ ಒಂದು ಟ್ರ್ಯಾಕ್ ಸೂಟು, ಒಂದು ಸೀಟಿ ತಂದ. ತಾನೇ ಕಬಡ್ಡಿ ಆಡಿದ್ದು ಒಂದೇ ಸಲ. ಚಿಕ್ಕಂದಿನಲ್ಲಿ ರೈಡಿಗೆ ಹೋಗಿ, ಮೊದಲನೇ ಉಸಿರಿಗೇ ಸಿಕ್ಕಿಬಿದ್ದು, ಅಂಗಿ ಹರಿಯಿತೆಂದು ಅಳುತ್ತಾ ಮನೆಗೆ ಓಡಿದ್ದನ್ನು ಆ ಸಲ ಎದುರು ಅಂಕಣದಲ್ಲಿದ್ದ ನನ್ನ ದೊಡ್ಡಪ್ಪನ ಮಗ ಇವತ್ತಿಗೂ ಮಾಡಿ ತೋರಿಸುತ್ತಾನೆ. ಅಂಥವನು ಈಗ ಮಕ್ಕಳಿಗೆ ‘ಸೊಂಟ ಬಗ್ಗಿಸು, ತೊಡೆ ಬಿಗಿ ಮಾಡು’ ಎಂದು ಕೂಗತೊಡಗಿದ.

ಕೂಗಲಿ. ಕೂಗಿದರೆ ಯಾರಿಗೂ ಮೂಳೆ ಮುರಿಯುವುದಿಲ್ಲ. ಮುರಿದದ್ದು ಅವನ ಔಷಧದಿಂದ. ಆಟದಲ್ಲಿ ಸೊಂಟದಿಂದ ಮಂಡಿಯ ತನಕ ಎಲ್ಲಿ ಏನಾದರೂ ಅವನ ಹತ್ತಿರ ಒಂದೇ ಹೆಸರಿತ್ತು: ಉಳುಕು. ತೊಡೆಸಂದು ಸೆಳೆದುಕೊಂಡರೂ ಉಳುಕು, ಬಿದ್ದು ಸೊಂಟದ ಮೂಳೆಗೆ ಪೆಟ್ಟಾದರೂ ಉಳುಕು. ಉದ್ದಜಿಗಿತದ ಒಬ್ಬ ಹುಡುಗನಿಗೆ ಎಳೆಯ ಸೊಂಟದ ಮೂಳೆಯ ತುದಿಯೇ ಸ್ನಾಯುವಿನ ಜೊತೆ ಕಿತ್ತು ಬಂದಿತ್ತು, ಅದೂ ಉಳುಕೇ. ಹೆಸರು ಒಂದಾದರೆ ಮದ್ದೂ ಒಂದು. ಬಿಸಿ ಹರಳೆಣ್ಣೆ ಹಾಕಿ ನೀವುವುದು, ಆಮೇಲೆ ಒದೆಯುವುದು.

ಶಾಮಿಯಾನದಲ್ಲಿ ನನ್ನ ಅಂಗಿ ಎಳೆದ ಮಹೇಂದ್ರನೂ ಅದನ್ನು ಉಂಡವನೇ. ನಮ್ಮ ಪಕ್ಕದ ಬೀದಿಯ ಹುಡುಗ, ಓಟಗಾರ. ಪಿರಿಯಾಪಟ್ಟಣದ ಕ್ರೀಡಾಕೂಟದಲ್ಲಿ ಓಡುತ್ತಿದ್ದಾಗ ಅರ್ಧ ದಾರಿಯಲ್ಲಿ ನಿಂತು ಹಿಂದೆ ತಿರುಗಿ ನೋಡಿದನಂತೆ. ಯಾಕೆ ನಿಂತೆ ಎಂದು ಕೇಳಿದರೆ, “ತೊಡೆ ಹಿಂದ್ಗಡೆ ಯಾರೋ ಕಲ್ಲಲ್ಲಿ ಹೊಡ್ದಂಗಾಯ್ತು, ಯಾವನ್ಲಾ ಅವನು ಅಂತ ನೋಡ್ದೆ” ಅಂದ. ಯಾರೂ ಹೊಡೆದಿರಲಿಲ್ಲ. ತೊಡೆಯ ಹಿಂದಿನ ಸ್ನಾಯು ಹರಿದಿತ್ತು. ಚೆಲುವರಾಜು ಬಂದು, ನರ ಮಡಚಿಕೊಂಡಿದೆ ಎಂದು ತೀರ್ಪು ಕೊಟ್ಟು, ಇಬ್ಬರನ್ನು ಕರೆದು ಎರಡು ಕಾಲನ್ನೂ ಎರಡು ದಿಕ್ಕಿಗೆ ಎಳೆಸಿದ. ಹರಿದ ಬಟ್ಟೆಯನ್ನು ಸರಿಮಾಡಲು ಇನ್ನಷ್ಟು ಹರಿದಂತೆ. ಆಮೇಲೆ ಒದ್ದ. ಮಂಡಿಯ ತನಕ ತೊಡೆ ಕಪ್ಪಾಯಿತು. ಮಹೇಂದ್ರ ಈಗ ಬಿಳಿಕೆರೆಯಲ್ಲಿ ಬೇಕರಿ ಇಟ್ಟಿದ್ದಾನೆ. ಬಸ್ಸು ಹೊರಟರೆ ಓಡಿ ಹತ್ತುವುದಿಲ್ಲ, ಮುಂದಿನದಕ್ಕೆ ಕಾಯುತ್ತಾನೆ.

ಇಷ್ಟು ಕಂಡಿದ್ದ ಮೇಲೆ ನಮ್ಮ ಮನೆಯವರೇ ಅವನ ಬಾಗಿಲಿಗೆ ಹೋದರಲ್ಲ, ಅದನ್ನು ಈಗ ಹೇಳಬೇಕು.

ಗೌತಮಿ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಶಾಲೆಯ ಕಬಡ್ಡಿ ತಂಡಕ್ಕೆ ಅವಳೇ ರೈಡರ್. ಅಪ್ಪ ಎಂದು ಹೇಳುತ್ತಿಲ್ಲ, ನೋಡಿದವರು ಹೇಳಿದ್ದು: ಅವಳು ಗೆರೆ ದಾಟಿದರೆ ಎದುರಿನವರು ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತಿದ್ದರು. ಆ ವರ್ಷ ತಾಲ್ಲೂಕು ಗೆದ್ದರೆ ಜಿಲ್ಲೆ, ಜಿಲ್ಲೆಯಲ್ಲಿ ಕಣ್ಣಿಗೆ ಬಿದ್ದರೆ ವಿಭಾಗ. ಮಾರನೆಯ ವರ್ಷಕ್ಕೆ ಅವಳ ವಯಸ್ಸು ಆ ಗುಂಪನ್ನು ದಾಟುತ್ತಿತ್ತು. ಅಂದರೆ ಅದೇ ಕೊನೆಯ ಅವಕಾಶ. ಅದನ್ನು ಅವಳು ಊಟಕ್ಕೆ ಕೂತಾಗಲೂ ಹೇಳುತ್ತಿದ್ದಳು, ಕಸ ಗುಡಿಸುವಾಗಲೂ ಹೇಳುತ್ತಿದ್ದಳು.

ತಾಲ್ಲೂಕು ಗೆದ್ದರು. ಆದರೆ ಫೈನಲ್‌ನಲ್ಲಿ ಕ್ಯಾಚ್ ಹಿಡಿಯಲು ಬಂದ ಹುಡುಗಿಯ ಮಂಡಿಚಿಪ್ಪು ಗೌತಮಿಯ ಬಲತೊಡೆಯ ಮುಂಭಾಗಕ್ಕೆ ನೆಟ್ಟಗೆ ಬಡಿಯಿತು. ಕುಂಟುತ್ತಲೇ ಆಟ ಮುಗಿಸಿದಳು. ಮನೆಗೆ ಬಂದಾಗ ತೊಡೆ ಊದಿತ್ತು.

ಆಗ ಶ್ರಾವಣ. ನನ್ನ ಬ್ಯಾರನ್, ಅಂದರೆ ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಮನೆಯ ಒಳಗೆ ಹೊಗೆಸೊಪ್ಪು ಬೇಯುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು. ಕಾವು ಏರಿದರೆ ಸೊಪ್ಪು ಕಪ್ಪು, ಇಳಿದರೆ ಹಸಿರು. ನಾನು ಅಲ್ಲೇ ಉಣ್ಣುತ್ತಿದ್ದೆ, ಅಲ್ಲೇ ಮಲಗುತ್ತಿದ್ದೆ. ಒಂದು ಸಲದ ಸೊಪ್ಪು ಇಳಿಸುವಷ್ಟರಲ್ಲಿ ಇನ್ನೊಂದು ಸಲದ್ದು ಏರುತ್ತಿತ್ತು. ಮಗಳಿಗೆ ಪೆಟ್ಟಾದ ಸುದ್ದಿ ತಿಳಿದು, ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿ ಎಂದು ಮನೆಗೆ ಹೇಳಿ ಕಳಿಸಿದೆ.

ನನ್ನ ತಾಯಿ ಬುತ್ತಿ ತಂದವಳು, “ಮೈಸೂರ್ಗೆ ಯಾಕ್ಲಾ? ಇಲ್ಲೇ ಚೆಲುವ ಅವ್ನಲ್ಲ” ಅಂದಳು.

“ಅವನ ಹತ್ರ ಓಗ್ಬೇಡಿ. ಮಹೇಂದ್ರಂಗೆ ಮಾಡಿರೋದು ಕಾಣಲ್ವ?”

“ಮಹೇಂದ್ರ ನಂಬ್ಕೆ ಇಲ್ದೆ ಓಗಿದ್ದ. ಅದಕ್ಕೇ ಆಗ್ಲಿಲ್ಲ.”

ನಾನು ಸೌದೆ ಒಟ್ಟುತ್ತಾ ಬೈದೆ. ಅವಳು ನನ್ನ ಬೈಗುಳವನ್ನು ಬುತ್ತಿಯ ಬಟ್ಟೆಯಲ್ಲಿ ಕಟ್ಟಿಕೊಂಡು, ಮನೆಗೆ ಹೋಗಿ, ಒಂದು ತೆಂಗಿನಕಾಯಿ ಹಿಡಿದು ಮೊಮ್ಮಗಳ ಜೊತೆ ಚೆಲುವರಾಜುವಿನ ಜಗಲಿಗೆ ಹೋದಳು. ಗೌತಮಿಗೂ ಜಿಲ್ಲೆಯ ಆಟ ತಲೆಯಲ್ಲಿ ಕುಣಿಯುತ್ತಿತ್ತು. ‘ಮೈಸೂರಲ್ಲಾದ್ರೆ ಮಲಗು ಅಂತಾರೆ. ನಾನು ಮಲಗಿಸಲ್ಲ, ನಿಲ್ಲಿಸ್ತೀನಿ’ ಎಂದು ಚೆಲುವರಾಜು ಹೇಳಿದನಂತೆ. ಆ ಮಾತಿಗೆ ಮಗಳು ಮರುಳಾದಳು.

ದಿನಾ ಬೆಳಿಗ್ಗೆ ನಡೆದದ್ದು ಇದು. ಬಿಸಿ ಹರಳೆಣ್ಣೆ. ಊದಿದ ತೊಡೆಯನ್ನು ಎರಡು ಹೆಬ್ಬೆರಳಿಂದ ಒತ್ತಿ ಒತ್ತಿ ನೀವುವುದು. ಅದು ಸಾಲದೆಂದು ಒನಕೆ ತಂದು, ಅಕ್ಕಿರೊಟ್ಟಿ ಲಟ್ಟಿಸುವ ಹಾಗೆ ತೊಡೆಯ ಮೇಲೆ ಉರುಳಿಸುವುದು. ಹುಡುಗಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂಗು ತಡೆಯುತ್ತಿದ್ದಳು, ಸೆರಗು ಅಜ್ಜಿಯದು. ಕೊನೆಗೆ ಒಂದು ಒದೆ. ಆಮೇಲೆ ಹಿಂದಿರುಗಿ ನೋಡದೆ ಮನೆ.

ಊತ ಇಳಿಯುವ ಬದಲು ಗಟ್ಟಿಯಾಗತೊಡಗಿತು. ಗೌತಮಿಯೇ ಮುಟ್ಟಿ ನೋಡಿ ಹೆದರಿ ಕೇಳಿದಳಂತೆ.

“ಮಾವ, ಒಳ್ಗಡೆ ಕಲ್ಲು ಇದ್ದಂಗದೆ.”

“ಗಟ್ಟಿ ಆಯ್ತಾ ಅದೆ ಅಂದ್ರೆ ಬಲ ಬತ್ತಾ ಅದೆ ಅಂತ ಕಣವ್ವ” ಅಂದನಂತೆ ಆ ಮಹಾನುಭಾವ. “ಎದ್ರು ತಂಡದೋಳು ಬಂದು ಗುದ್ದುದ್ರೆ ಅವಳ ಮಂಡೀನೇ ಒಡ್ದೋಯ್ತದೆ, ನೋಡ್ತಿರು.”

ಕೊನೆಯ ಸಲದ ಸೊಪ್ಪು ಇಳಿಸಿ ನಾನು ಮನೆಗೆ ಬಂದು ಊಟಕ್ಕೆ ಕೂತೆ. ಮಗಳು ಎದುರಿಗೆ ಕೂತಳು, ಆದರೆ ಬಲಗಾಲನ್ನು ಕಂಬದಂತೆ ಮುಂದಕ್ಕೆ ಚಾಚಿ. ಚಕ್ಕಂಬಕ್ಕಳ ಹಾಕಿ ಕೂರು ಅಂದೆ. ಆಗುವುದಿಲ್ಲ ಅಂದಳು. ಮಂಡಿ ಮಡಚು ಅಂದೆ. ಸ್ವಲ್ಪ ಮಡಚಿ, ಅಲ್ಲಿಗೆ ನಿಲ್ಲಿಸಿ, ಕಣ್ಣಲ್ಲಿ ನೀರು ತಂದುಕೊಂಡಳು. ತೊಡೆ ಮುಟ್ಟಿದೆ. ನಡುವೆ ಬೆಣಚುಕಲ್ಲು ಹೂತಿಟ್ಟ ಹಾಗಿತ್ತು. ಮುದ್ದೆ ತಟ್ಟೆಯಲ್ಲೇ ಉಳಿಯಿತು. ಯಾರು ಯಾರಿಗೆ ಏನೇನು ಅಂದೆನೋ, ನೆರೆಯವರು ಬಂದು ಬಾಗಿಲಲ್ಲಿ ನಿಂತಿದ್ದರು.

ಮಾರನೆಯ ದಿನ ಮೈಸೂರು. ಡಾಕ್ಟರು ಬೃಂದಾ ಎಂಬ ಹೆಣ್ಣುಮಗಳು, ಆಟಗಾರರ ಮೂಳೆ, ಸ್ನಾಯು ನೋಡುವವರು. ಅವರ ಮೇಲೂ ನನಗೆ ಬಹಳ ಪ್ರೀತಿ ಹುಟ್ಟಲಿಲ್ಲ. ನಮ್ಮ ಮುಖಕ್ಕಿಂತ ಫೋನಿನ ಮುಖವನ್ನೇ ಹೆಚ್ಚು ನೋಡುತ್ತಿದ್ದರು. ಆದರೆ ಎಕ್ಸ್‌ರೇ ನೋಡಿದ ಮೇಲೆ ಫೋನು ಕೆಳಗಿಟ್ಟರು.

“ಇದನ್ನ ಯಾರು ತಿಕ್ಕಿದ್ದು?”

ನನ್ನ ತಾಯಿ ಗೋಡೆ ನೋಡುತ್ತಿದ್ದಳು.

“ಇಲ್ಲಿ ನೋಡಿ. ಇದು ತೊಡೆಯ ಮೂಳೆ. ಅದರ ಪಕ್ಕ ಮೋಡದ ಹಾಗೆ ಬೆಳ್ಳಗೆ ಕಾಣ್ತಿದೆಯಲ್ಲ, ಅದು ಇರಬಾರದು. ಪೆಟ್ಟು ಬಿದ್ದಾಗ ಸ್ನಾಯುವಿನ ಒಳಗೆ ರಕ್ತ ತುಂಬ್ಕೊಂಡಿತ್ತು. ಮೊದಲ ದಿನಗಳಲ್ಲಿ ಐಸ್ ಇಟ್ಟು, ಮಂಡಿ ಮಡಚಿ, ಸುಮ್ಮನೆ ಬಿಟ್ಟಿದ್ರೆ ಬಹುಶಃ ಕರಗಿ ಹೋಗ್ತಿತ್ತು. ಬಿಸಿ ಮಾಡಿ ತಿಕ್ಕಿ ತಿಕ್ಕಿ ಮತ್ತೆ ಮತ್ತೆ ಗಾಯ ಮಾಡಿದ್ದೀರಿ. ಅದಕ್ಕೇ ದೇಹ ಅಲ್ಲಿ ಮೂಳೆ ಕಟ್ತಾ ಇದೆ.”

“ಮಾಂಸದೊಳಗೆ ಮೂಳೆಯಾ?” ಅಂದೆ.

“ಹೌದು. ಮಾಂಸದ ಒಳಗೇ.”

ಗೌತಮಿ ಒಂದೇ ಮಾತು ಕೇಳಿದಳು. “ಮೇಡಂ, ಜಿಲ್ಲೆ ಆಟ ಇದೇ ತಿಂಗಳು. ಆಡ್ಬೌದಾ?”

ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಆಡೋದಿರಲಿ, ಓಡೋ ಹಾಗೂ ಇಲ್ಲ. ಯಾರೂ ಇದನ್ನ ಮುಟ್ಟಬಾರದು. ಎಣ್ಣೆ ಬೇಡ, ಒನಕೆ ಬೇಡ. ನೋವಾಗದಷ್ಟು ಮಾತ್ರ ಮಂಡಿ ಮಡಚಬೇಕು, ನಾವು ಹೇಳಿದ ಹಾಗೆ. ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಬಿಟ್ಟರೆ ತಾನಾಗೇ ಕಡಿಮೆ ಆಗುತ್ತೆ. ಕಾಯಬೇಕು, ಅಷ್ಟೇ.”

ಕಾಯುವುದಕ್ಕೇ ನಮಗೆ ಬಾರದು. ರಾಗಿಗೆ ಕಾಯುತ್ತೇವೆ, ಮಳೆಗೆ ಕಾಯುತ್ತೇವೆ, ಹರಾಜಿನ ಸರದಿಗೆ ಕಾಯುತ್ತೇವೆ. ನೋಯುವ ಕಾಲನ್ನು ಮಾತ್ರ ಸುಮ್ಮನೆ ಬಿಡಲು ನಮ್ಮ ಜನಕ್ಕೆ ಆಗುವುದಿಲ್ಲ. ಯಾರಾದರೂ ಏನಾದರೂ ಮಾಡಬೇಕು, ಎಳೆಯಬೇಕು, ತಿಕ್ಕಬೇಕು, ಒದೆಯಬೇಕು. ಏನೂ ಮಾಡಬೇಡಿ ಎನ್ನುವವನು ವೈದ್ಯನೇ ಅಲ್ಲ. ಚೆಲುವರಾಜು ದೊಡ್ಡವನಾದದ್ದು ಅವನ ಕಾಲಿನಿಂದಲ್ಲ, ನಮ್ಮ ಈ ಚಟದಿಂದ.

ಬಸ್ಸಿಳಿದು ನೇರ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಎಕ್ಸ್‌ರೇ ಹಾಳೆಯನ್ನು ಅವನ ಮುಖಕ್ಕೆ ಹಿಡಿದೆ.

“ನೋಡ್ಲಾ! ಏನಿದು?”

ಅವನು ಅದನ್ನು ತಲೆಕೆಳಗಾಗಿ ಹಿಡಿದು ಬೆಳಕಿಗೆ ತೋರಿಸಿದ. “ಮೋಡ ಕಂಡಂಗೆ ಕಾಣ್ತದೆ.”

“ನೀನು ನನ್ನ ಮಗಳ ಮಾಂಸದೊಳಗೆ ಬೆಳೆಸಿರೋ ಮೂಳೆ ಅದು. ಬೇಸಾಯ ಮಾಡ್ಲಿಲ್ಲ ಮಾಡ್ಲಿಲ್ಲ ಅಂತಿದ್ದೊ, ಇಲ್ಲಿ ಮಾಡಿದ್ದೀಯ!”

“ನೀಲಕಂಠ, ಬಾಯಿಗೆ ಬಂದಂಗೆ ಮಾತಾಡ್ಬೇಡ. ನಾನು ನಿಮ್ಮನೆಗೆ ಬಂದು ಕರುದ್ನ? ನಿಮ್ಮವ್ವನೇ ಕಾಯಿ ತಂದಿಟ್ಳು. ಕಾಯಿ ಇಟ್ಮೇಲೆ ಒದೀಲೇಬೇಕು, ಅದು ಧರ್ಮ. ಅಪನಂಬ್ಕೆ ಇರೋರ ಮನೇಲಿ ಒದೆ ಇಡಿಯಕ್ಕಿಲ್ಲ, ಅದಕ್ಕೆ ನಾನೇನು ಮಾಡ್ಲಿ?”

ಕೈ ಎತ್ತಿದ್ದೆ. ಹಿಂದಿನಿಂದ ಓಡಿ ಬಂದ ನನ್ನ ತಾಯಿ ನನ್ನ ಸೊಂಟ ಹಿಡಿದು ಜೋತುಬಿದ್ದಳು. “ಬೇಡ ಕಣೋ, ಕಾಲು ಮುಂದಾಗಿ ಉಟ್ಟಿರೋನ್ನ ಒಡೀಬಾರ್ದು, ಮನೆಗೆ ಆಗಕ್ಕಿಲ್ಲ!” ಇಷ್ಟಾದ ಮೇಲೂ ಅವಳಿಗೆ ಅವನ ಕಾಲಿನದೇ ಚಿಂತೆ. ಕುಣಿಯಲಾರದವಳು ನೆಲ ಡೊಂಕು ಅನ್ನುತ್ತಾಳೆ; ಇಲ್ಲಿ ನನ್ನ ತಾಯಿಯೆಂಬ ನೆಲವೇ ಬಂದು ಅವನಿಗೆ ‘ಹೌದಪ್ಪ, ನಾನೇ ಡೊಂಕು’ ಅನ್ನುತ್ತಿತ್ತು.

ಜಿಲ್ಲೆಯ ಆಟ ಅವಳಿಲ್ಲದೆ ನಡೆಯಿತು. ತಂಡ ಮೊದಲ ಪಂದ್ಯದಲ್ಲೇ ಸೋತಿತು. ಆ ದಿನ ಗೌತಮಿ ಮನೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕಾಲು ಇಳಿಬಿಟ್ಟು, ಹೇಳಿಕೊಟ್ಟ ಹಾಗೆ ಮಂಡಿಯನ್ನು ನಿಧಾನವಾಗಿ ಮಡಚುತ್ತಿದ್ದಳು. ಬಹಳ ತಿಂಗಳು ಅದೇ ಕಲ್ಲು, ಅದೇ ಮಡಚುವುದು. ಮೊದಲು ಮೆಟ್ಟಿಲು ಹತ್ತಿದಳು, ಆಮೇಲೆ ಸೈಕಲ್ಲು ತುಳಿದಳು, ಒಂದು ದಿನ ನನ್ನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತು ಮುದ್ದೆ ಉಂಡಳು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಮರ್ಯಾದೆ ಹೋಗುತ್ತಿತ್ತು.

ಈಗ ಪಿಯುಸಿಯಲ್ಲಿ ಮತ್ತೆ ಆಡುತ್ತಾಳೆ, ಕಾಲೇಜಿನ ತಂಡಕ್ಕೆ. ಮೂಳೆ ಪೂರ್ತಿ ಕರಗಿಲ್ಲ; ಮುಟ್ಟಿದರೆ ಒಂದು ಗೋಲಿಯಷ್ಟು ಸಿಗುತ್ತದೆ. ಆದರೆ ಆ ವಯಸ್ಸು, ಆ ವರ್ಷ, ವಿಭಾಗದ ಪಟ್ಟಿಯಲ್ಲಿ ಬರೆಯಬಹುದಾಗಿದ್ದ ಹೆಸರು, ಅವನ್ನು ಯಾವ ಡಾಕ್ಟರೂ ಕೊಡಲಿಲ್ಲ. ಅವಳನ್ನು ನಿಲ್ಲಿಸಿದ್ದು ಆ ಕಲ್ಲು, ಅವಳ ಹಟ, ಮೈಸೂರಿನ ಆ ಫೋನು ನೋಡುವ ಹೆಣ್ಣುಮಗಳು. ಮೈಕಿನಲ್ಲಿ ಬಂದ ಹೆಸರು ಮಾತ್ರ ಚೆಲುವರಾಜುವಿನದು.

ಆದರೆ ಸನ್ಮಾನದ ದಿನ ಒಂದು ಕಂಡಿದ್ದೆ. ವೇದಿಕೆ ಹತ್ತುವಾಗ ಆ ಆಪದ್ಬಾಂಧವನನ್ನು ಇಬ್ಬರು ರಟ್ಟೆ ಹಿಡಿದು ಎತ್ತಿದರು. ಬಲಗಾಲನ್ನು ಎಳೆದು ಎಳೆದು ಇಡುತ್ತಿದ್ದ. ಒದೆಯುವ ಕಾಲೇ ಅದು. ಕೆಲವು ತಿಂಗಳಿಂದ ಅವನು ಕೂತೇ ಒದೆಯುತ್ತಿದ್ದನಂತೆ, ಆಮೇಲೆ ಬರೀ ತಾಗಿಸುತ್ತಿದ್ದನಂತೆ. ‘ಗುಣ ಈಗ ಮಾಗಿದೆ, ತಾಗಿಸಿದರೂ ಸಾಕು’ ಎಂದು ಜನಕ್ಕೆ ಹೇಳುತ್ತಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ನಂಬಿದರು.

ಸನ್ಮಾನವಾಗಿ ಎರಡು ದಿನಕ್ಕೆ ಬೆಳಿಗ್ಗೆ ಅವನು ನಮ್ಮ ಮನೆಯ ಮುಂದೆ ಬಂದು ನಿಂತ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಚೀಲ. ನಾನು ದನಕ್ಕೆ ಹುಲ್ಲು ಹಾಕುತ್ತಿದ್ದೆ. ನನ್ನ ಕಡೆ ನೋಡದೆ ಜಗಲಿಗೆ ಹೋಗಿ, ಚೀಲದಿಂದ ಎಲೆ ಅಡಿಕೆ ತೆಗೆದ, ಒಂದು ತೆಂಗಿನಕಾಯಿ ತೆಗೆದ, ಎರಡನ್ನೂ ಜಗಲಿಯ ಮೇಲೆ ಇಟ್ಟ.

“ಗೌತಮವ್ವ, ಒಸಿ ಆಚೆ ಬಾರವ್ವ.”

ಗೌತಮಿ ತಲೆ ಬಾಚುತ್ತಾ ಬಂದಳು. ಕಾಯಿ ನೋಡಿದಳು. ಅವಳಿಗೆ ಅರ್ಥವಾಯಿತು, ನನಗೆ ಅರ್ಥವಾಗುವ ಮುಂಚೆಯೇ ಅರ್ಥವಾಯಿತು.

“ಏನ್ ಮಾವ ಇದು?”

“ಸೊಂಟ ಇಡ್ಕಂಡದೆ ಕಣವ್ವ. ಉಳುಕು. ಒಂದು ಒದೆ ಒದ್ದುಬುಡು.”

“ನಾನಾ? ನಾನು ಕಿಟಕೀಲಿ ಬಂದೋಳಲ್ವ ಮಾವ?”

ಚೆಲುವರಾಜು ಕೆಮ್ಮಿದ. “ಒಟ್ಟೇಲಿ ಕಾಲೇ ಕೆಳಗಿತ್ತಲ್ಲವ್ವ. ಬಾಗ್ಲಾದ್ರೇನು, ಕಿಟಕಿಯಾದ್ರೇನು. ಈ ಸುತ್ಮುತ್ತ ಇನ್ಯಾರವ್ರೆ ಯೋಳು, ನೀನೂ ನಾನೂ ಬುಟ್ರೆ.”

ನಾನು ಹುಲ್ಲಿನ ಕಂತೆ ಬಿಸಾಡಿ ಬಂದೆ. ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಗೌತಮಿ ಕೈ ಅಡ್ಡ ಹಿಡಿದು ನನ್ನನ್ನು ತಡೆದಳು.

“ನೋವು ಎಲ್ಲಿ ಮಾವ? ಬೆನ್ನಲ್ಲಾ, ತೊಡೆಸಂದೀಲಾ?”

“ಸಂದೀಲೇ.”

“ಚಪ್ಲಿ ಆಕಳಕ್ಕೆ ಬಗ್ಗಕ್ಕಾಯ್ತದಾ? ಕಾಲುಗುರು ಕತ್ತರಿಸ್ಕತೀರಾ?”

“ಎಲ್ಲಾಯ್ತದೆ? ಆರು ತಿಂಗ್ಳಾಯ್ತು.”

“ಹಂಗಾದ್ರೆ ಅದು ಉಳುಕಲ್ಲ ಅನ್ಸುತ್ತೆ ಮಾವ. ಸೊಂಟದ ಕೀಲೇ ಸವೆದಿರ್ಬೋದು. ಮೈಸೂರಿಗೆ ಓಗಿ ಒಂದು ಎಕ್ಸ್‌ರೇ ತೆಗುಸ್ಕಳಿ. ಒದ್ರೆ ಇನ್ನೂ ಕೆಡುತ್ತೆ.”

“ಮಿಷಿನ್ ಕೆಳಗೆ ಈ ಕಾಲು ಇಟ್ರೆ ಗುಣ ಓಯ್ತದೆ ಕಣವ್ವ. ನೀನು ಒದಿ ಸಾಕು.”

ಗೌತಮಿ ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಖ ನನ್ನದೇ, ಆದರೆ ದನಿ ನನ್ನದಲ್ಲ, ಅವಳು ಕೂಗಲಿಲ್ಲ.

“ಸರಿ ಮಾವ, ಒದೀತೀನಿ. ಮೊದ್ಲು ನೀವು ಅದೇ ಬಸ್‌ಸ್ಟ್ಯಾಂಡಲ್ಲಿ, ಅದೇ ಮೈಕಲ್ಲಿ, ಒಂದು ಮಾತು ಯೋಳ್ಬುಡಿ. ‘ಗೌತಮಿ ತೊಡೇನ ನಾನೇ ಕೆಡಿಸ್ದೆ, ನೀವ್ಯಾರೂ ಮಕ್ಕಳಿಗೆ ಪೆಟ್ಟಾದ್ರೆ ನನ್ನತ್ರ ತರಬ್ಯಾಡಿ’ ಅಂತ. ಅಷ್ಟೇ.”

ಚೆಲುವರಾಜು ಕೋಲಿನ ತುದಿಯಿಂದ ನೆಲ ಕೆರೆದ. “ಅದೊಂದು ಬ್ಯಾಡ ಕಣವ್ವ.”

“ಹಂಗಾದ್ರೆ ಇದೂ ಬ್ಯಾಡ ಮಾವ.”

“ಕಾಯಿ ಇಟ್ಟಿದ್ದೀನಿ.”

“ತಗಂಡೋಗಿ.”

“ಇಟ್ಟಿದ್ದು ತಗಂಡೋಗಂಗಿಲ್ಲ. ನಿಂಗೂ ಗೊತ್ತು.”

ಆಗ ನಾನು ಪಂಚೆ ಎತ್ತಿ ಕಟ್ಟಿದೆ. “ಚೆಲುವಣ್ಣ, ಕಾಯಿ ದಂಡ ಆಗೋದು ಬ್ಯಾಡ. ತಿರುಗಿ ನಿಂತ್ಕೊ. ನಾನೇ ಒದೀತೀನಿ. ಎರಡು ವರ್ಷದಿಂದ ಕಾಲು ಕೆರೀತಾ ಅದೆ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟದಲ್ಲಿ, ಆ ಕುಂಟುಗಾಲಲ್ಲಿ ನಿಂತಾಗಲೂ, ಒಂದು ಸೊಕ್ಕಿತ್ತು.

“ನೀನು ತಲೆ ಮುಂದಾಗಿ ಉಟ್ಟೋನು ನೀಲಕಂಠ. ನಿನ್ನ ಒದೇಲಿ ಏನದೆ?” ಅಂದ.

ಕೋಲೂರಿಕೊಂಡು ಹೊರಟ. ಬೀದಿಯ ತಿರುವಿನ ತನಕ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಒದೆ ಬೀಳದಿದ್ದರೂ ಕಟ್ಟುಪಾಡು ಬಿಡಲಿಲ್ಲ.

ಮೈಕಿನ ಮಾತು ಅವನು ಇವತ್ತಿಗೂ ಆಡಿಲ್ಲ. ಗೌತಮಿಯೂ ಕಾಲೆತ್ತಿಲ್ಲ. ಕಾಯಿ ನಮ್ಮ ಜಗಲಿಯ ಮೂಲೆಯಲ್ಲೇ ಇದೆ. ನನ್ನ ತಾಯಿ ಅದನ್ನು ಸಾರಿಗೆ ಒಡೆಯಲು ಹೆದರುತ್ತಾಳೆ. ನಾನು ತಿಪ್ಪೆಗೆ ಎಸೆಯಲು ಹೋದರೆ ಅಡ್ಡ ಬರುತ್ತಾಳೆ. ಮೊನ್ನೆ ಅಲುಗಿಸಿ ನೋಡಿದೆ. ನೀರು ಆರಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡ ಅನ್ನುತ್ತಿದೆ. ಚೆಲುವರಾಜು ಬೀದಿಯಲ್ಲಿ ಹೋಗುವಾಗ ನಮ್ಮ ಮನೆಯ ಮುಂದೆ ಒಂದು ಗಳಿಗೆ ನಿಂತು, ಕಾಯಿ ಅಲ್ಲೇ ಇದೆಯೇ ಎಂದು ನೋಡಿ, ಮುಂದಕ್ಕೆ ಕಾಲೆಳೆಯುತ್ತಾನೆ.